ಒಂದು ಗ್ರಾಮಿನ ಬಟ್ಟು

ದೇಶದ ನಾಯಕರು ಟೀವಿಯಲ್ಲಿ ಗಂಟಲು ಸರಿಮಾಡಿಕೊಂಡು "ನಾನು ಜನರ ಬಳಿಗೆ ಹೋಗುತ್ತಿದ್ದೇನೆ" ಎಂದು ಘೋಷಿಸಿದ ಗಳಿಗೆಯಲ್ಲಿ, ಆ ಜನರಲ್ಲೊಬ್ಬನಾದ ತಕ್ಕಡಿ ಸಾಹೇಬ ತನ್ನ ಆಫೀಸಿನ ಕಬ್ಬಿಣದ ಬೀರುವಿನ ಮುಂದೆ ಬೋರಲು ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಒಂದು ಗ್ರಾಂ ಹುಡುಕುತ್ತಿದ್ದ.

ಒಂದು ಗ್ರಾಂ ಎಂದರೆ ಇನ್ನೇನೋ ಅಲ್ಲ, ಒಂದು ಗ್ರಾಮಿನ ತೂಕದ ಬಟ್ಟು. ಕಡಲೆಕಾಳಿಗಿಂತ ಚಿಕ್ಕದು. ತಲೆಯ ಮೇಲೆ ಪುಟ್ಟ ಗುಂಡಿಯಿರುವ, ಕನ್ನಡಿಯಂತೆ ಹೊಳೆಯುವ ಲೋಹದ ತುಂಡು. ಸಾಹೇಬನ ಕೆಲಸ ತೂಕ ಮತ್ತು ಅಳತೆ ಇಲಾಖೆಯಲ್ಲಿ. ಊರಿನ ಅಂಗಡಿ, ಸಂತೆ, ಪೆಟ್ರೋಲ್ ಬಂಕುಗಳ ತಕ್ಕಡಿ ಸರಿಯಿದೆಯೇ ಎಂದು ನೋಡಿ ಮುದ್ರೆ ಒತ್ತುವವನು ಅವನೇ. ಆ ತಕ್ಕಡಿಗಳನ್ನೆಲ್ಲ ಯಾವುದರ ಜೊತೆ ಹೋಲಿಸಿ ನೋಡಬೇಕೋ ಆ ಮೂಲ ಬಟ್ಟುಗಳು ಮಖಮಲ್ಲು ಹಾಸಿದ ಒಂದು ಮರದ ಪೆಟ್ಟಿಗೆಯಲ್ಲಿದ್ದವು. ಒಂದೊಂದಕ್ಕೂ ಅದರದೇ ಕುಳಿ. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಬೆವರು ತಗುಲಿದರೂ ತೂಕ ಕೆಡುತ್ತದೆ. ಅದಕ್ಕೆಂದೇ ಪೆಟ್ಟಿಗೆಯೊಳಗೆ ಒಂದು ಚಿಮಟ. ಈಗ ಆ ಪೆಟ್ಟಿಗೆಯಲ್ಲಿ ಒಂದು ಗ್ರಾಮಿನ ಕುಳಿ ಖಾಲಿ ಇತ್ತು.

"ಸಾರ್," ಎಂದ ಅವನ ಸಹಾಯಕ ಬಾಗಿಲಲ್ಲಿ ನಿಂತು. ಆಫೀಸಿನಲ್ಲಿ ಅವನಿಗೆ 'ಆಗುತ್ತೆ ಬಿಡಿ' ಎಂದೇ ಹೆಸರು. ಭೂಕಂಪವಾದರೂ ಅವನು ಹಾಗೆಯೇ ಅನ್ನುವವನು. ಆದರೆ ಈ ಸಲ ಅವನ ಮುಖದಲ್ಲಿ ಆ ಮಾತು ಇರಲಿಲ್ಲ. "ಸಾರ್, ಎದ್ದು ಬನ್ನಿ. ಎಲೆಕ್ಷನ್ ಅಂತೆ."

"ಯಾವ ಎಲೆಕ್ಷನ್ನು? ಅದಕ್ಕಿನ್ನೂ ಹದಿನಾಲ್ಕು ತಿಂಗಳಿದೆ," ಎಂದ ಸಾಹೇಬ ಟಾರ್ಚಿನ ಸಂದಿಯಿಂದ.

"ಇತ್ತು ಸಾರ್. ಈಗ ನಲವತ್ತೈದು ದಿನ. ಇವತ್ತು ನಾಲ್ಕು ಗಂಟೆಯಿಂದ ನೀತಿ ಸಂಹಿತೆ ಜಾರಿ."

ಟಾರ್ಚು ಬಾಯಿಂದ ಜಾರಿ ಬಿತ್ತು. ಸಾಹೇಬ ತಲೆ ಎತ್ತಿದ ರಭಸಕ್ಕೆ ಬೀರುವಿನ ತೆರೆದ ಬಾಗಿಲಿಗೆ ಹಣೆ ಹೊಡೆಯಿತು. ನೋವಾಗಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಅದೇಕೆ ಹಾಗೆ ಎಂದು ತಿಳಿಯಬೇಕಾದರೆ ಎರಡು ದಿನ ಹಿಂದಕ್ಕೆ ಹೋಗಬೇಕು.

ಸಾಹೇಬನ ಹೆಂಡತಿ ನರ್ಸು. ಹನ್ನೊಂದು ಗಂಟೆ ಬಸ್ಸಿನ ದಾರಿಯಾಚೆ, ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಕೆಲಸ. ಮಗಳು ಪುಟ್ಟಿ ಅಮ್ಮನ ಜೊತೆ. ಆರು ವರ್ಷದಿಂದ ಇದೇ ಬಾಳು. ಅವನು ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ, ಒಂದೂವರೆ ದಿನ ಇದ್ದು, ಕೆಟ್ಟ ನಲ್ಲಿ ರಿಪೇರಿ ಮಾಡಿ, ಮಗಳ ಹೋಂವರ್ಕು ನೋಡಿ ಬರುತ್ತಿದ್ದ. ಹೋದಾಗ ಮೂರು ವರ್ಷದವಳಾಗಿದ್ದ ಪುಟ್ಟಿಗೆ ಈಗ ಒಂಬತ್ತು. ಶಾಲೆಯಲ್ಲಿ 'ನನ್ನ ಕುಟುಂಬ' ಎಂದು ಬರೆಯಲು ಹೇಳಿದಾಗ ಅವಳು 'ನನಗೆ ಒಬ್ಬರು ಅಮ್ಮ ಇದ್ದಾರೆ, ತಿಂಗಳಿಗೊಬ್ಬರು ಅಪ್ಪ ಇದ್ದಾರೆ' ಎಂದು ಬರೆದಿದ್ದಳು. ಟೀಚರು ನಕ್ಕರು, ಹೆಂಡತಿಯೂ ನಕ್ಕಳು. ಸಾಹೇಬ ಮಾತ್ರ ಆ ಹಾಳೆಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡ.

ಹೆಂಡತಿಗೆ ತಿಂಗಳಲ್ಲಿ ಎರಡು ವಾರ ರಾತ್ರಿ ಪಾಳಿ. ಆಗೆಲ್ಲ ಪುಟ್ಟಿ ಪಕ್ಕದ ಮನೆಯ ಅಜ್ಜಿಯ ಹತ್ತಿರ ಮಲಗುತ್ತಿದ್ದಳು. ಆ ಅಜ್ಜಿ ಈ ತಿಂಗಳ ಕೊನೆಗೆ ಮಗನ ಮನೆಗೆ ಹೊರಟಿದ್ದರು. ಅದೇ ಹೊತ್ತಿಗೆ ಹೆಂಡತಿಯನ್ನು ವಾರ್ಡಿನ ಹೆಡ್ ನರ್ಸ್ ಮಾಡುವ ಮಾತೂ ನಡೆದಿತ್ತು. ಹದಿನೈದು ವರ್ಷ ದುಡಿದು ಕಾದಿದ್ದ ಹುದ್ದೆ. ಆದರೆ ಹೆಡ್ ನರ್ಸಿಗೆ ರಾತ್ರಿ ಪಾಳಿ ತಪ್ಪುವುದಿಲ್ಲ. "ನೀವು ಈ ತಿಂಗಳು ಬಂದ್ರೆ ನಾನು ಹೂಂ ಅಂತೀನಿ, ಇಲ್ಲದಿದ್ರೆ ಇಲ್ಲ," ಎಂದಿದ್ದಳು ಅವಳು. ಆರು ಅರ್ಜಿ ಹಾಕಿ ಸೋತಿದ್ದ ಸಾಹೇಬ ಏಳನೆಯದನ್ನು ಹಾಕಿದ. ಸೋಮವಾರ ಬೆಳಿಗ್ಗೆ ವರ್ಗಾವಣೆ ಆದೇಶ ಬಂದೇಬಿಟ್ಟಿತು! ಹೆಂಡತಿಯ ಊರಿಗೇ, ಆಸ್ಪತ್ರೆಯಿಂದ ಎರಡು ಬೀದಿ ಆಚೆಗಿನ ಆಫೀಸಿಗೇ.

ಚಾರ್ಜು ಕೊಡಬೇಕಾದದ್ದು 'ಆಗುತ್ತೆ ಬಿಡಿ'ಗೆ. ನಲವತ್ಮೂರು ಸಾಮಾನಿನ ಪಟ್ಟಿ. ಒಂದೊಂದಕ್ಕೂ ಟಿಕ್ ಹಾಕಿ ಕೆಳಗೆ ಇಬ್ಬರೂ ಸಹಿ ಮಾಡಿದರೆ, ಹೆಡ್ ಗುಮಾಸ್ತೆ ಬಿಡುಗಡೆ ಪತ್ರಕ್ಕೆ ಮುದ್ರೆ ಒತ್ತುತ್ತಾಳೆ. ಮಂಗಳವಾರ ಸಂಜೆ ಏಳರ ಬಸ್ಸಿಗೆ ಸಾಹೇಬ ಟಿಕೆಟ್ ಮಾಡಿಸಿದ್ದ. ಟ್ರಂಕು ಕಟ್ಟಿ ಆಫೀಸಿನ ಬಾಗಿಲಲ್ಲೇ ಇಟ್ಟಿದ್ದ. ಮಧ್ಯಾಹ್ನ ಮೂರಕ್ಕೆ ಮೂವತ್ತೆಂಟನೇ ಸಾಮಾನಿಗೆ ಬಂದರು. ಪೆಟ್ಟಿಗೆ ತೆಗೆದರೆ ಒಂದು ಗ್ರಾಮಿನ ಕುಳಿ ಖಾಲಿ.

"ಆಗುತ್ತೆ ಬಿಡಿ ಸಾರ್, ಟಿಕ್ ಹಾಕಿ ಹೊರಡಿ," ಎಂದ ಸಹಾಯಕ. "ಚಾರ್ಜು ತಗೊಳೋನು ನಾನು, ನಂಗೇ ತಕರಾರಿಲ್ಲ. ಆಮೇಲೆ ಎಲ್ಲೋ ಸಿಗುತ್ತೆ. ಒಂದು ಗ್ರಾಮಿಗೆ ದೇಶ ಮುಳುಗಲ್ಲ."

"ಇಲ್ಲದ್ದನ್ನ ಇದೆ ಅಂತ ಹೇಗಯ್ಯಾ ಬರೀಲಿ?"

"ಬರೆಯೋದೇನು ಬಂತು ಸಾರ್? ಟಿಕ್ ಅಷ್ಟೇ."

ಸಾಹೇಬನಿಗೆ ಟಿಕ್ ಹಾಕಲಾಗಲಿಲ್ಲ. ಇಪ್ಪತ್ತೆರಡು ವರ್ಷ ಊರಿನ ವ್ಯಾಪಾರಿಗಳಿಗೆಲ್ಲ ಅವನು ಹೇಳಿಕೊಂಡು ಬಂದದ್ದು ಒಂದೇ ಮಾತು: "ಒಂದು ಗ್ರಾಂ ಅಲ್ವಾ ಅಂತ ಬಿಟ್ಟವನು ನಾಳೆ ಒಂದು ಕೇಜಿ ಬಿಡ್ತಾನೆ." ತರಕಾರಿಯವಳಿಗೂ ಹೇಳಿದ್ದ, ಚಿನ್ನದಂಗಡಿಯವನಿಗೂ ಹೇಳಿದ್ದ. ಆ ಮಾತು ಈಗ ಅವನ ಕೊರಳಿಗೇ ಸುತ್ತಿಕೊಂಡಿತು. ಬಸ್ಸು ಏಳಕ್ಕೆ ಹೊರಟುಹೋಯಿತು. ಟ್ರಂಕು ಬಾಗಿಲಲ್ಲೇ ಉಳಿಯಿತು. ಬೇರೆ ಬಟ್ಟು ಕಳಿಸಿ ಎಂದು ಕೇಂದ್ರ ಕಚೇರಿಗೆ ಫೋನು ಮಾಡಿದ, ಶುಕ್ರವಾರ ಕೊರಿಯರಿನಲ್ಲಿ ಬರುತ್ತದೆ ಎಂದರು. "ಒಂದೆರಡು ದಿನ ತಡ ಆಗುತ್ತೆ ಕಣೇ," ಎಂದು ಹೆಂಡತಿಗೆ ಹೇಳಿದ. "ಆರು ವರ್ಷ ಕಾದವಳಿಗೆ ಎರಡು ದಿನ ಹೆಚ್ಚಾ?" ಎಂದು ಅವಳು ನಕ್ಕಿದ್ದಳು.

ಆ ಎರಡು ದಿನದ ನಡುವೆ ನಾಯಕರು ಜನರ ಬಳಿಗೆ ಹೊರಟುಬಿಟ್ಟರು.

ಎಲ್ಲರೂ ಹೆಡ್ ಗುಮಾಸ್ತೆಯ ಮೇಜಿನ ಸುತ್ತ ಸೇರಿದರು. ಅವಳು ನಿವೃತ್ತಿಗೆ ಎರಡು ವರ್ಷವಿದ್ದ ಹೆಂಗಸು. ಎಲ್ಲರಿಗೂ ಅಕ್ಕ. ಸುತ್ತೋಲೆಗಳನ್ನು ಅವಳು ಓದುವುದಿಲ್ಲ, ಕುಡಿಯುತ್ತಾಳೆ ಎಂದು ಆಫೀಸಿನಲ್ಲಿ ತಮಾಷೆ. ಆಗಲೇ ಬಂದಿದ್ದ ಸುತ್ತೋಲೆಯನ್ನು ಕನ್ನಡಕ ಏರಿಸಿ ನೋಡಿ, ಅವಳು ನಿಧಾನವಾಗಿ ಹೇಳಿದಳು:

"ವರ್ಗ ಆದವರು ಇವತ್ತು ನಾಲ್ಕು ಗಂಟೆ ಒಳಗೆ ಬಿಡುಗಡೆ ಆಗಿದ್ರೆ ಹೋಗಬಹುದು. ಆಗದೇ ಇದ್ರೆ ಇದ್ದಲ್ಲೇ ಇರಬೇಕು. ಚುನಾವಣೆ ಮುಗಿಯೋ ತನಕ. ರಜೆಯೂ ಇಲ್ಲ, ಊರು ಬಿಡೋ ಹಾಗೂ ಇಲ್ಲ."

"ಅಕ್ಕಾ, ನನ್ನ ಪತ್ರ ಟೈಪಾಗಿದೆಯಲ್ಲ."

"ಟೈಪಾಗಿದೆ. ಮುದ್ರೆ ಬಿದ್ದಿಲ್ಲವಲ್ಲಪ್ಪ." ಅವಳು ಗೋಡೆ ಗಡಿಯಾರ ನೋಡಿದಳು. ನಾಲ್ಕು ಇಪ್ಪತ್ತು. "ನಿನ್ನೆ ಈ ಹೊತ್ತಿಗೆ ನೀನು ಹೂಂ ಅಂದಿದ್ರೆ ಇಷ್ಟು ಹೊತ್ತಿಗೆ ಮಗಳ ಪಕ್ಕ ಕೂತಿರ್ತಿದ್ದೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಸಾಹೇಬನಿಗೆ ತುತ್ತು ಬಾಯಿಗೂ ಬಂದಿತ್ತು. ಅದರಲ್ಲಿ ಕಲ್ಲಿದೆಯೇನೋ ಎಂದು ಹೊರಗೆ ತೆಗೆದು ನೋಡಿದ್ದು ಅವನೇ.

ಆದರೆ ಸಿಟ್ಟು ಬಂದದ್ದು ತನ್ನ ಮೇಲಲ್ಲ. ಮನುಷ್ಯನಿಗೆ ಸಿಟ್ಟು ಮೊದಲು ದೂರದವರ ಮೇಲೆ ಬರುತ್ತದೆ, ಅದೇ ಅನುಕೂಲ. ನಾಯಕರು ಅವಧಿಗೆ ಮುಂಚೆ ಚುನಾವಣೆಗೆ ಹೋದದ್ದು ಯಾಕೆ ಎಂದು ಎದುರಿನ ಚಹಾದಂಗಡಿಯಲ್ಲಿ ಅಂದೇ ಗೊತ್ತಾಯಿತು. ವಿರೋಧ ಪಕ್ಷದ ಮುಖಂಡರಿಗೆ ಮಂಡಿ ಆಪರೇಷನ್ ಆಗಿತ್ತು. ಎರಡು ತಿಂಗಳು ಮಂಚ ಬಿಟ್ಟು ಏಳುವಂತಿರಲಿಲ್ಲ. ಅವರು ಎದ್ದು ಓಡಾಡುವುದರೊಳಗೆ ಮತ ಬಾಚಿಕೊಂಡುಬಿಡೋಣ ಎಂಬುದು ಲೆಕ್ಕಾಚಾರ.

"ಅವರ ಮಂಡಿಗೂ ನನ್ನ ಮನೆಗೂ ಏನಯ್ಯಾ ಸಂಬಂಧ?" ಎಂದು ಸಾಹೇಬ ಚಹಾದ ಲೋಟ ಕುಕ್ಕಿದ. "ಆ ಮನುಷ್ಯ ಜನರ ಬಳಿಗೆ ಹೋಗ್ತಾನಂತೆ! ನನ್ನ ಜನರ ಬಳಿಗೆ ನಾನು ಹೋಗೋದನ್ನ ತಪ್ಪಿಸಿ! ಒಂದೇ ಒಂದು ವಾರ ತಡೆದಿದ್ರೆ ಅವರಪ್ಪನ ಗಂಟು ಹೋಗ್ತಿತ್ತಾ?"

"ಮೆಲ್ಲಗೆ ಸಾರ್," ಎಂದ ಸಹಾಯಕ. "ನೀತಿ ಸಂಹಿತೆ ಇದೆ, ನಾವು ಬೈಯೋ ಹಾಗೂ ಇಲ್ಲ."

ಹೆಂಡತಿಗೆ ಫೋನು ಮಾಡುವುದಕ್ಕೆ ಅವನಿಗೆ ಒಂದು ಗಂಟೆ ಹಿಡಿಯಿತು. ಅವಳು ಆಗಲೇ ಸುದ್ದಿ ಕೇಳಿದ್ದಳು.

"ನಿಮಗೆ ಬಿಡುಗಡೆ ಆಗಿತ್ತಲ್ವಾ?" ಎಂದಳು ಮೊದಲಿಗೆ.

"ಇಲ್ಲ ಕಣೇ. ಒಂದು ಬಟ್ಟು ಸಿಗಲಿಲ್ಲ ಅಂತ..."

"ಯಾವ ಬಟ್ಟು?"

"ಒಂದು ಗ್ರಾಮಿಂದು."

ಆ ಕಡೆ ಆಸ್ಪತ್ರೆಯ ಗಾಡಿಯ ಚಕ್ರ ಉರುಳುವ ಸದ್ದು ಮಾತ್ರ ಕೇಳಿಸಿತು. ಬೈದಿದ್ದರೆ ಸಾಹೇಬನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾನು ಹೇಳಿ ನೋಡ್ತೀನಿ, ಚುನಾವಣಾ ಕಚೇರೀಲಿ ವಿನಾಯಿತಿ ಕೊಡ್ತಾರಂತೆ," ಎಂದ.

"ರೀ, ಅಜ್ಜಿ ಮೂವತ್ತನೇ ತಾರೀಕು ಹೋಗ್ತಾರೆ," ಎಂದಷ್ಟೇ ಹೇಳಿ ಅವಳು ಫೋನಿಟ್ಟಳು.

ಮಾರನೆಯ ದಿನ ಸಾಹೇಬ ಚುನಾವಣಾ ಕಚೇರಿಗೆ ಹೋದ. ಮೂರು ಗಂಟೆ ಸಾಲಿನಲ್ಲಿ ನಿಂತ. ಅವನ ಮುಂದೆ ನಿಂತವನ ಸೇತುವೆಗೆ ಬಣ್ಣ ಬಳಿಯುವುದು ಅರ್ಧಕ್ಕೆ ನಿಂತಿತ್ತು, ಹಿಂದೆ ನಿಂತವಳಿಗೆ ಹೊಸ ಅಂಗನವಾಡಿಯ ಬೀಗದ ಕೈ ಸಿಕ್ಕಿರಲಿಲ್ಲ. ಇಡೀ ದೇಶವನ್ನು ಯಾರೋ 'ಹಾಗೇ ನಿಲ್ಲಿ' ಎಂದು ನಿಲ್ಲಿಸಿ, ತಾವು ಮಾತ್ರ ಮೆರವಣಿಗೆ ಹೊರಟಂತೆ ಇತ್ತು. ಕೊನೆಗೆ ಸಿಕ್ಕ ಅಧಿಕಾರಿ ಕಣ್ಣು ಕೆಂಪಾಗಿ ನಿದ್ದೆಗೆಟ್ಟವರಂತೆ ಕಂಡರು. ಕೆಟ್ಟ ಮನುಷ್ಯನೇನಲ್ಲ. ಅರ್ಜಿ ಪೂರ್ತಿ ಓದಿದರು.

"ವಿನಾಯಿತಿಗೆ ನಿಮ್ಮ ಇಲಾಖೆಯ ವರ್ಗಾವಣೆ ಶಾಖೆಯಿಂದ ಶಿಫಾರಸು ಬೇಕು," ಎಂದರು.

"ಅಲ್ಲಿಗೆ ಹೋಗಿದ್ದೆ ಸಾರ್. ಶಾಖೆಗೆ ಬೀಗ. ಅವರನ್ನೆಲ್ಲ ಚುನಾವಣೆ ಕೆಲಸಕ್ಕೆ ಹಾಕಿದಾರಂತೆ."

"ಹೌದು, ಹಾಕಿದೀವಿ."

"ಹಾಗಾದ್ರೆ ಸಹಿ ಮಾಡೋರು ಯಾರು?"

"ಚುನಾವಣೆ ಮುಗಿದ ಮೇಲೆ ಅವರೇ ಮಾಡ್ತಾರೆ," ಎಂದರು ಅಧಿಕಾರಿ. ಹೇಳಿದ ಮೇಲೆ ತಾವೇ ಒಂದು ಕ್ಷಣ ಯೋಚಿಸಿ, "ಏನು ಮಾಡೋದು ಹೇಳಿ," ಎಂದು ಅರ್ಜಿಯನ್ನು ವಾಪಸ್ಸು ಕೊಟ್ಟರು.

ಶುಕ್ರವಾರ ಕೊರಿಯರು ಬಂತು. ಹತ್ತಿಯಲ್ಲಿ ಸುತ್ತಿದ ಹೊಸ ಬಟ್ಟು. ಸಹಾಯಕ ಅದನ್ನು ಚಿಮಟದಲ್ಲಿ ಎತ್ತಿ ಕುಳಿಗೆ ಕೂರಿಸಿದ. ಸರಿಯಾಗಿ ಕೂತಿತು. ಅದರ ಜೊತೆ ಒಂದು ನಮೂನೆಯೂ ಬಂದಿತ್ತು: ಹಳೆಯ ಬಟ್ಟು ಹೇಗೆ ಕಳೆಯಿತು ಎಂದು ವಿವರಣೆ ಬರೆದು ಕಳಿಸಬೇಕು. ಸಾಹೇಬ ಅದನ್ನು ಖಾನೆಯೊಳಗೆ ತುರುಕಿದ. "ಇದನ್ನೂ ನಾಯಕರ ಹತ್ತಿರವೇ ಬರೆಸಲಿ," ಎಂದ.

ಆಮೇಲಿನ ದಿನಗಳಲ್ಲಿ ಅವನ ಜೊತೆ ಇರುವುದೇ ಕಷ್ಟವಾಯಿತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ, ನಾಯಕರ ಮೇಲಿನ ಕೋಪವೆಲ್ಲ ಸಂತೆಯ ತಕ್ಕಡಿಗಳ ಮೇಲೆ ತಿರುಗಿತು. ಹಿಂದೆ ತಿಳಿಹೇಳಿ ಬಿಡುತ್ತಿದ್ದ ತಪ್ಪಿಗೆಲ್ಲ ನೋಟೀಸು ಕೊಟ್ಟ. ಇಪ್ಪತ್ತು ವರ್ಷದಿಂದ ಪರಿಚಯವಿದ್ದ ಈರುಳ್ಳಿ ವ್ಯಾಪಾರಿ, "ಏನ್ ಸಾಹೇಬ್ರೇ, ಮನೇಲಿ ಎಲ್ಲಾ ಕ್ಷೇಮ ತಾನೇ?" ಎಂದು ಕೇಳಿದ. ಅದಕ್ಕೂ ಸಿಡುಕಿದ. ಊರ ಗೋಡೆಗಳ ತುಂಬ ನಾಯಕರ ನಗುಮುಖ. 'ನಿಮ್ಮ ಮನೆಗೆ ನಿಮ್ಮವನು' ಎಂಬ ಘೋಷಣೆ. ಅದನ್ನು ಓದಿದಾಗಲೆಲ್ಲ ಸಾಹೇಬನ ಮೈ ಉರಿಯುತ್ತಿತ್ತು. ನಮ್ಮ ಮನೆಗೆ ನಮ್ಮವನನ್ನು ಮೊದಲು ಬಿಡಪ್ಪ ಎಂದು ಗೋಡೆಯ ಜೊತೆ ಜಗಳವಾಡುತ್ತಿದ್ದ. ಗೋಡೆ ನಗುತ್ತಲೇ ಇತ್ತು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ಅಷ್ಟೇ.

ಮೂವತ್ತನೇ ತಾರೀಕಿನ ಸಂಜೆ ಹೆಂಡತಿಯ ಫೋನು ಬಂತು.

"ನಾನು ಹೊರರೋಗಿ ವಿಭಾಗಕ್ಕೆ ಬರೆದುಕೊಟ್ಟೆ. ಅಲ್ಲಿ ಬರೀ ಹಗಲು ಪಾಳಿ."

"ಮತ್ತೆ ಹೆಡ್ ನರ್ಸು?"

"ಅದನ್ನ ನನ್ನ ಕೆಳಗಿದ್ದ ಹುಡುಗಿಗೆ ಕೊಟ್ರು. ಒಳ್ಳೇ ಹುಡುಗಿ. ಸೂಜಿ ಹಾಕೋದು ನಾನೇ ಕಲಿಸಿದ್ದೆ."

ಅವಳ ದನಿ ಸಮವಾಗಿತ್ತು. ಹದಿನೈದು ವರ್ಷ ರೋಗಿಗಳಿಗೆ ಕೆಟ್ಟ ಸುದ್ದಿ ಹೇಳಿ ಹೇಳಿ ಪಳಗಿದ ದನಿ. ಸಾಹೇಬ, "ಆ ಮನುಷ್ಯನಿಂದ ನೋಡು ಹೇಗಾಯ್ತು," ಎಂದ.

"ಯಾವ ಮನುಷ್ಯ?" ಎಂದಳು ಹೆಂಡತಿ.

ಅವನಿಗೆ ನಾಯಕರ ಹೆಸರು ನಾಲಿಗೆಯ ತುದಿಗೆ ಬಂತು. ಆದರೆ ಅವಳು ಕೇಳಿದ ರೀತಿಯಲ್ಲಿ ಆ ಹೆಸರಿಗೆ ಜಾಗವಿರಲಿಲ್ಲ. ಅಂದು ಮೊದಲ ಸಲ ಅವನ ಸಿಟ್ಟು ದೂರದ ಊರಿನಿಂದ ಹೊರಟು ಅವನ ಮನೆ ಬಾಗಿಲಿಗೆ ಬಂದು ನಿಂತಿತು.

ಮತದಾನಕ್ಕೆ ಐದು ದಿನವಿರುವಾಗ ಚುನಾವಣಾ ಕೆಲಸದ ಪತ್ರಗಳು ಬಂದವು. ಒಂದು ಜಿಲ್ಲೆಯವರನ್ನು ಇನ್ನೊಂದಕ್ಕೆ ಹಾಕುವುದು ನಿಯಮ, ಯಾರನ್ನು ಎಲ್ಲಿಗೆ ಎಂದು ಯಂತ್ರವೇ ಆರಿಸುತ್ತದೆ. ಹೆಡ್ ಗುಮಾಸ್ತೆ ಸಾಹೇಬನ ಪತ್ರ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದಳು.

"ಇದೇನಪ್ಪಾ! ನಿನ್ನ ಹೆಂಡತಿ ಊರು!"

ಅಷ್ಟೇ ಅಲ್ಲ. ಮತಗಟ್ಟೆ ಇದ್ದದ್ದು ಪುಟ್ಟಿಯ ಶಾಲೆಯಲ್ಲಿ. ಯಾವ ಚುನಾವಣೆಯ ಹೆಸರಿನಲ್ಲಿ ಅವನನ್ನು ಮನೆಗೆ ಬಿಡಲಿಲ್ಲವೋ ಅದೇ ಚುನಾವಣೆ ಈಗ ಅವನನ್ನು ಮನೆಯಿಂದ ನಾಲ್ಕು ನೂರು ಹೆಜ್ಜೆ ದೂರಕ್ಕೆ ಕರೆದೊಯ್ಯುತ್ತಿತ್ತು. ಅದೂ ಸರ್ಕಾರಿ ಬಸ್ಸಿನಲ್ಲಿ, ಕಾವಲಿನ ಜೊತೆ.

ಆದರೆ ಹತ್ತಿರ ಹೋಗುವುದು ಬೇರೆ, ಮನೆ ಸೇರುವುದು ಬೇರೆ. ಮತಪೆಟ್ಟಿಗೆಗಳನ್ನು ಕೈಗೆ ತೆಗೆದುಕೊಂಡ ಮೇಲೆ ಸಿಬ್ಬಂದಿ ಮತಗಟ್ಟೆ ಬಿಟ್ಟು ಕದಲುವಂತಿಲ್ಲ. ಹಿಂದಿನ ದಿನ ಅಲ್ಲಿಗೆ ತಲುಪಿದ ಸಾಹೇಬ ತನ್ನ ಮಗಳ ತರಗತಿಯಲ್ಲೇ ಬೆಂಚುಗಳನ್ನು ಜೋಡಿಸಿ ಮಲಗಿದ. ಕಿಟಕಿಯಿಂದ ನೋಡಿದರೆ ಆಟದ ಮೈದಾನ, ಅದರಾಚೆ ರಸ್ತೆ, ರಸ್ತೆಯ ತಿರುವಿನಲ್ಲಿ ತನ್ನ ಮನೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಹನ್ನೊಂದು ಗಂಟೆ ದೂರದಲ್ಲಿದ್ದಾಗ ಆಗದ ಸಂಕಟ ನಾಲ್ಕು ನೂರು ಹೆಜ್ಜೆಯಲ್ಲಿ ಆಯಿತು.

ಮತದಾನದ ದಿನ ಅವನ ಕೆಲಸ ಶಾಯಿ ಹಚ್ಚುವುದು. ಬೆಳಿಗ್ಗೆಯಿಂದ ನಾಲ್ಕು ನೂರಕ್ಕೂ ಹೆಚ್ಚು ಬೆರಳು ಹಿಡಿದಿದ್ದ. ಸುಕ್ಕುಗಟ್ಟಿದ್ದು, ಬಣ್ಣ ಬಳಿದದ್ದು, ಸಿಮೆಂಟು ಮೆತ್ತಿದ್ದು. ಹನ್ನೊಂದೂವರೆಗೆ ಸಾಲು ಸರಿಯುತ್ತ ಸರಿಯುತ್ತ ಒಂದು ಕೈ ಮುಂದೆ ಬಂತು. ಔಷಧದ ವಾಸನೆ ಮೂಗಿಗೆ ಬಡಿಯಿತು. ತಲೆ ಎತ್ತಿದರೆ ಹೆಂಡತಿ. ನರ್ಸಿನ ಬಟ್ಟೆಯಲ್ಲೇ ಬಂದಿದ್ದಳು.

"ಗುರುತಿನ ಚೀಟಿ," ಎಂದ ಪಕ್ಕದ ಮೇಜಿನವನು.

ಅವಳು ತೋರಿಸಿದಳು. ಹಿಂದೆ ಮೂವತ್ತು ಜನ, ಪಕ್ಕದಲ್ಲಿ ಮೂರು ಪಕ್ಷದ ಏಜೆಂಟರು, ಬಾಗಿಲಲ್ಲಿ ಬಂದೂಕಿನವನು. ಸಾಹೇಬ ಅವಳ ಎಡಗೈ ಹಿಡಿದುಕೊಂಡ. ಎರಡು ತಿಂಗಳ ಮೇಲೆ ಮುಟ್ಟಿದ್ದು. ಶಾಯಿಯ ಕಡ್ಡಿ ಅದ್ದಿದ, ಉಗುರಿನಿಂದ ಚರ್ಮದವರೆಗೆ ಗೆರೆ ಎಳೆದ. ಬೇಕಾದ್ದಕ್ಕಿಂತ ನಿಧಾನವಾಗಿ ಎಳೆದ.

"ಊಟ ಮಾಡಿದ್ರಾ?" ಎಂದಳು ಮೆಲ್ಲಗೆ.

"ಬನ್ನು ಕೊಟ್ಟಿದ್ರು," ಎಂದ.

"ಮೇಡಂ, ಮುಂದೆ ಹೋಗಿ," ಎಂದ ಪಕ್ಕದವನು. ಅವಳು ಹೋದಳು. ಯಾರಿಗೆ ಮತ ಹಾಕಿದಳೋ ಸಾಹೇಬ ಇಂದಿಗೂ ಕೇಳಿಲ್ಲ.

ಸಂಜೆ ಆರಕ್ಕೆ ಮತದಾನ ಮುಗಿಯಿತು. ಪೆಟ್ಟಿಗೆಗಳಿಗೆ ಅರಗು ಒತ್ತಿ, ಬಸ್ಸಿಗೆ ಏರಿಸಲು ಗೇಟಿನ ಬಳಿ ತಂದಿಟ್ಟರು. ಡ್ರೈವರು ಟೈರಿಗೆ ಗಾಳಿ ಕಡಿಮೆಯಿದೆ ಎಂದು ಹತ್ತು ನಿಮಿಷ ಕೇಳಿದ. ಆ ಹತ್ತು ನಿಮಿಷ ಸಾಹೇಬನ ಪಾಲಿಗೆ ಬಂದ ಭಾಗ್ಯ. ಗೇಟಿನ ಸರಳುಗಳಾಚೆ ಹೆಂಡತಿ, ಅವಳ ಮುಂದೆ ಪುಟ್ಟಿ. ಎರಡು ತಿಂಗಳಲ್ಲಿ ಮತ್ತೂ ಅರ್ಧ ಇಂಚು ಬೆಳೆದಿದ್ದಳು. ಅಳತೆಯವನ ಕಣ್ಣಿಗೆ ಅದು ತಪ್ಪಲಿಲ್ಲ.

"ಅಪ್ಪಾ, ನೀನು ನನ್ನ ಬೆಂಚ್ ಮೇಲೆ ಮಲಗಿದ್ದಾ?"

"ಹೂಂ. ಮೂರನೇ ಬೆಂಚಲ್ಲಿ ನಿನ್ನ ಹೆಸರು ಕೆತ್ತಿತ್ತು. ಬೆಂಚ್ ಕೆತ್ತಬಾರದು ಅಂತ ಗೊತ್ತಿಲ್ವಾ?"

ಪುಟ್ಟಿ ನಕ್ಕಳು. ಆಮೇಲೆ ಗಂಭೀರಳಾಗಿ, ಅಮ್ಮನ ಕಡೆ ಒಮ್ಮೆ ನೋಡಿ, ಲಂಗದ ಜೇಬಿಗೆ ಕೈ ಹಾಕಿದಳು.

"ಅಪ್ಪಾ, ಬೈಯಬಾರದು."

"ಇಲ್ಲ, ಹೇಳು."

"ಪ್ರಾಮಿಸ್?"

"ಪ್ರಾಮಿಸ್."

ಅವಳು ಮುಷ್ಟಿಯನ್ನು ಸರಳಿನೊಳಗೆ ತೂರಿಸಿ ಬಿಚ್ಚಿದಳು. ಅಂಗೈಯ ನಡುವೆ ತಲೆಯ ಮೇಲೆ ಗುಂಡಿಯಿದ್ದ ಒಂದು ಗ್ರಾಮಿನ ಬಟ್ಟು.

ಸಾಹೇಬನಿಗೆ ಗೇಟು, ಬಸ್ಸು, ಪೆಟ್ಟಿಗೆ ಎಲ್ಲ ಒಮ್ಮೆ ದೂರ ಸರಿದಂತಾಯಿತು. ಎರಡು ತಿಂಗಳ ಹಿಂದೆ ಶಾಲೆಯ ರಜೆಯಲ್ಲಿ ತಾಯಿ ಮಗಳು ನಾಲ್ಕು ದಿನಕ್ಕೆ ಅವನ ಊರಿಗೆ ಬಂದಿದ್ದರು. ಪುಟ್ಟಿ ಆಫೀಸಿನಲ್ಲಿ ಕೂತು ತನ್ನ ರಬ್ಬರು, ಪೆನ್ಸಿಲು, ಉದುರಿದ ಹಲ್ಲು ಎಲ್ಲವನ್ನೂ ತೂಗಿ ನೋಡಿದ್ದಳು. ಆಗ ಅವನೇ ಹೆಮ್ಮೆಯಿಂದ ಪೆಟ್ಟಿಗೆ ತೆರೆದು ತೋರಿಸಿದ್ದ.

"ನೀನೇ ಹೇಳಿದ್ದೆ ಅಪ್ಪಾ," ಎಂದಳು ಪುಟ್ಟಿ. ಮಾತು ಅವಸರವಸರವಾಗಿ ಬಂತು. "ಇದರಲ್ಲಿ ಒಂದು ಕಳೆದರೂ ನಂಗೆ ನಿದ್ದೆ ಬರಲ್ಲ, ಎಲ್ಲಿದ್ರೂ ಹುಡುಕ್ಕೊಂಡು ಹೋಗ್ತೀನಿ ಅಂತ. ಅದಕ್ಕೇ ಚಿಕ್ಕದು ತಗೊಂಡೆ. ಹುಡುಕ್ಕೊಂಡು ನಮ್ಮನೆಗೆ ಬರ್ತೀಯ ಅಂತ."

ಹೆಂಡತಿಯ ಕೈ ಬಾಯಿಗೆ ಹೋಯಿತು. ಅವಳಿಗೂ ಇದು ಈಗಲೇ ಗೊತ್ತಾದದ್ದು. ಸರಳಿನ ಮೇಲಿನಿಂದ ಅವಳು ಗಂಡನನ್ನೇ ನೋಡಿದಳು. ಏನೂ ಹೇಳಬೇಡಿ, ಮಗುವಿಗೆ ಏನೂ ಹೇಳಬೇಡಿ ಎಂಬ ನೋಟ.

ಸಾಹೇಬ ನಲವತ್ತೈದು ದಿನದಿಂದ ನಾಯಕರನ್ನು ಬೈದ ಬೈಗುಳವೆಲ್ಲ ಈಗ ತಿರುಗಿ ಬಂದು ನಿಂತಿತ್ತು. ಯಾರ ಮೇಲೆ ಇಳಿಸುವುದು? ಮಗುವಿನ ಮೇಲೆಯೇ? ಬಟ್ಟನ್ನು ತೆಗೆದುಕೊಂಡು ನೋಡಿದ. ಹೊಳಪು ಪೂರ್ತಿ ಹೋಗಿತ್ತು. ಕಂಪಾಸ್ ಪೆಟ್ಟಿಗೆಯಲ್ಲಿ ಉರುಳಾಡಿ ಗೀರುಗಳು ಬಿದ್ದಿದ್ದವು, ಗುಂಡಿಯ ಸುತ್ತ ಪೆನ್ಸಿಲಿನ ಮಸಿ, ದಿನವೂ ಹಿಡಿದ ಬೆರಳಿನ ಬೆವರು. ತಕ್ಕಡಿಯಲ್ಲಿಟ್ಟರೆ ಅದು ಇನ್ನು ಸರಿಯಾಗಿ ಒಂದು ಗ್ರಾಂ ತೂಗುವುದಿಲ್ಲ.

"ಕೈಯಲ್ಲಿ ಮುಟ್ಟಿದೀಯ," ಎಂದ. ಅವನ ಬಾಯಿಂದ ಬಂದದ್ದು ಅದೊಂದೇ.

"ಚಿಮಟ ಇರಲಿಲ್ಲವಲ್ಲಪ್ಪ," ಎಂದಳು ಪುಟ್ಟಿ. "ನೀನು ಬಂದ್ಯಲ್ಲ. ಈಗ ವಾಪಸ್ ತಗೊಂಡು ಹೋಗು."

"ನೀನೇ ಇಟ್ಕೊ," ಎಂದು ಅವಳ ಅಂಗೈಗೆ ಹಾಕಿ, ಬೆರಳು ಮಡಿಸಿ ಮುಚ್ಚಿದ. "ನಾನು ಮತ್ತೆ ಬರ್ತೀನಿ."

ಡ್ರೈವರು ಹಾರನ್ನು ಬಾರಿಸಿದ.

ಫಲಿತಾಂಶ ಬಂತು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ಹಾಗೆ. ನಾಯಕರಿಗೆ ಹೋದ ಸಲಕ್ಕಿಂತ ಒಂದು ಸೀಟು ಕಡಿಮೆ ಬಂತು. ಸರ್ಕಾರ ಅದೇ, ಕುರ್ಚಿ ಅದೇ, ನಗುವೂ ಅದೇ. ವಿರೋಧ ಪಕ್ಷದ ಮುಖಂಡರು ಕೋಲು ಹಿಡಿದು ನಡೆಯತೊಡಗಿದ್ದರು. ಬದಲಾದದ್ದು ಸಾಹೇಬನ ಇಲಾಖೆಯ ಮಂತ್ರಿ ಮಾತ್ರ. ಹೊಸ ಮಂತ್ರಿ ಬಂದ ದಿನವೇ ಹಳೆಯ ವರ್ಗಾವಣೆಗಳನ್ನೆಲ್ಲ ರದ್ದು ಮಾಡಿದರು. ಹೋಗಿ ಸೇರಿದವರಿಗೆ ತೊಂದರೆಯಿಲ್ಲ, ಸೇರದವರು ಹೊಸದಾಗಿ ಅರ್ಜಿ ಹಾಕಬೇಕು.

"ಆಗುತ್ತೆ ಬಿಡಿ ಸಾರ್," ಎಂದ ಸಹಾಯಕ. ಸಾಹೇಬ ಎಂಟನೇ ಅರ್ಜಿ ಬರೆದ. ಅದನ್ನಿಡಲು ಖಾನೆ ಎಳೆದಾಗ ಆ ನಮೂನೆ ಕಣ್ಣಿಗೆ ಬಿತ್ತು. ಎರಡು ಸಲ ನೆನಪೋಲೆಯೂ ಬಂದಿತ್ತು. 'ಬಟ್ಟು ಕಳೆದ ಬಗೆ: ವಿವರಣೆ ನೀಡಿ.'

ಸಾಹೇಬ ಪೆನ್ನು ತೆಗೆದ. 'ಎಷ್ಟು ಹುಡುಕಿದರೂ ಸಿಗಲಿಲ್ಲ. ಹೇಗೆ ಕಳೆಯಿತೆಂದು ತಿಳಿಯದು' ಎಂದು ಬರೆದು ಸಹಿ ಹಾಕಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಸರ್ಕಾರಿ ಕಾಗದದ ಮೇಲೆ ಬರೆದ ಮೊದಲ ಸುಳ್ಳು. ಶಾಯಿ ಚೆಲ್ಲಲಿಲ್ಲ, ಕಾಲು ನಿಮಿಷವೂ ಹಿಡಿಯಲಿಲ್ಲ. ಆ ಮಂಗಳವಾರ ಮಧ್ಯಾಹ್ನ ಟಿಕ್ ಹಾಕುವುದೂ ಇಷ್ಟೇ ಸುಲಭವಿತ್ತು.

ಹೆಡ್ ಗುಮಾಸ್ತೆ ಕಾಗದವನ್ನು ಓದಿದಳು, ಅವನ ಮುಖ ನೋಡಿದಳು, ಏನೂ ಕೇಳದೆ ಮುದ್ರೆ ಒತ್ತಿದಳು.